ದಾಸ, ಜೀತ, ದಾಸೋಹ: ಬೈಬಲ್ಲಿನ ಕ್ಲಿಷ್ಟ ಭಾಗಗಳ ಒಂದು ಓದು

ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ) ಪರಿಸರದಲ್ಲಿ ನಿಂತು ಬೈಬಲನ್ನು ಓದುವವರಿಗೆ ಯೆಹೋಶುವನ ಯುದ್ಧವರ್ಣನೆಗಳಿಗಿಂತ ಹತ್ತಿರದ ತೊಡಕು ದಾಸ್ಯವನ್ನು ಕುರಿತ ಭಾಗಗಳದು. ಯಜಮಾನನಿಂದ ಹೊಡೆಸಿಕೊಂಡ ದಾಸನು ಒಂದೆರಡು ದಿನ ಬದುಕಿದ್ದರೆ ಯಜಮಾನನಿಗೆ ದಂಡನೆಯಿಲ್ಲವೆಂದು ವಿಮೋಚನಕಾಂಡದ 21ನೆಯ ಅಧ್ಯಾಯ ವಿಧಿಸುತ್ತದೆ. ದಾಸನು ಅವನ ಸೊತ್ತೆಂಬುದೇ ಕಾರಣ. ಎಫೆಸದವರಿಗೆ ಬರೆದ ಪತ್ರವು ದಾಸರಿಗೆ ವಿಧೇಯತೆಯನ್ನು ಬೋಧಿಸುತ್ತದೆ.

ಈ ಕಾಠಿಣ್ಯವನ್ನು ಕನ್ನಡ ಅನುವಾದವು ತನಗರಿಯದೆಯೇ ತಗ್ಗಿಸಿದೆ. ಹೀಬ್ರೂವಿನ 'ಎಬೆದ್', ಗ್ರೀಕಿನ 'ದೂಲೊಸ್' ಪದಗಳಿಗೆ ಅದು ಹೆಚ್ಚಾಗಿ ಬಳಸುವುದು 'ದಾಸ' ಎಂಬ ಪದವನ್ನು. ಹರಿದಾಸರ ನಾಡಿನಲ್ಲಿ ಅದು ಬಿರುದು. ಇಲ್ಲಿಗೆ ಸಮೀಪದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಆಚರಿಸಿದ ದಾಸೋಹವೂ ತಾನಾಗಿ ಒಪ್ಪಿಕೊಂಡ ಸೇವೆಯೇ. ರೋಮನ್ ಮನೆಯ ದೂಲೊಸನಿಗಾದರೋ ಆಯ್ಕೆಯಿರಲಿಲ್ಲ, ಅವನನ್ನು ಮಾರಬಹುದಿತ್ತು. ಈ ಸೀಮೆಯ ಅನುಭವದಲ್ಲಿ ಅವನಿಗೆ ಹತ್ತಿರದವನು ಜೀತದಾಳು. (ಇವೆರಡೂ ಒಂದೇ ಅಲ್ಲ, ಜೀತದ ಬೇರು ಸಾಲದಲ್ಲಿದೆ.) ಜೀತ ಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾಯಿದೆಯು ಹೆಸರಿಸುವ ಪದ್ಧತಿಗಳಲ್ಲಿ 'ಜೀತ'ದೊಡನೆ ಹೈದರಾಬಾದ್ ಸಂಸ್ಥಾನದ 'ಭಾಗೇಲಾ' ಸಹ ಸೇರಿದೆ. 'ಜೀತದಾಳುಗಳೇ, ವಿಧೇಯರಾಗಿರಿ' ಎಂದು ಓದಿದೊಡನೆ ಆ ಬೋಧೆಯ ಭಾರ ತಿಳಿಯುತ್ತದೆ.

ಬೀದರ್ ಜಿಲ್ಲೆಯ ಮೆಥೋಡಿಸ್ಟ್ ಸಭೆಗಳಲ್ಲಿ ದಲಿತ ಮೂಲದ ಕುಟುಂಬಗಳೇ ಅಧಿಕವಾಗಿರುವುದರಿಂದ ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಇಲ್ಲಿಗೆ ಮಿಷನರಿಗಳನ್ನು ಕಳುಹಿಸಿದ ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಯೇ ಗುಲಾಮಗಿರಿಯ ವಿವಾದದಿಂದ 1844-45ರಲ್ಲಿ ಇಬ್ಭಾಗವಾಗಿತ್ತು. ಉಭಯ ಪಕ್ಷಗಳೂ ಬೈಬಲನ್ನೇ ಆಧಾರವಾಗಿಸಿಕೊಂಡಿದ್ದವು.

ಆ ಕಾಲಕ್ಕೆ ಅವು ಸೌಮ್ಯ ವಿಧಿಗಳೇ ಆಗಿದ್ದವೆಂಬ ಸಮಾಧಾನವನ್ನು ವ್ಯಾಖ್ಯಾನಕಾರರು ಮುಂದಿಡುವುದುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ: ಹೊಡೆತದಿಂದ ದಾಸನ ಕಣ್ಣೋ ಹಲ್ಲೋ ಹೋದರೆ ಅವನನ್ನು ಬಿಡುಗಡೆ ಮಾಡಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಆದರೆ ಜೀತದ ನೆನಪುಳ್ಳ ಮನೆಯಲ್ಲಿ ಈ ಸಮಾಧಾನ ಸಾಲದು. ತಪ್ಪಿಸಿಕೊಂಡು ಬಂದ ದಾಸನನ್ನು ಯಜಮಾನನಿಗೆ ಒಪ್ಪಿಸಕೂಡದೆಂಬ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದ ವಿಧಿಯನ್ನು ಪಕ್ಕದಲ್ಲಿಟ್ಟರೆ, ಗ್ರಂಥವು ತನ್ನೊಳಗೇ ವಾದಿಸುತ್ತಿರುವುದು ಕಾಣುತ್ತದೆ. ಆ ವಾದವನ್ನು ಮುಚ್ಚದೆ ಓದುವುದೇ ಉಚಿತವೆಂದು ನನ್ನ ಅಭಿಪ್ರಾಯ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಪೌಲನು ಒನೇಸಿಮನನ್ನು ಹಿಂದಕ್ಕೆ ಕಳುಹಿಸುತ್ತಾನೆ; ದಾಸನೆಂದಲ್ಲ, ಪ್ರಿಯ ಸಹೋದರನೆಂದು ಸೇರಿಸಿಕೊಳ್ಳಬೇಕೆಂದು ಕೇಳುತ್ತಾನೆ. ಫಿಲೆಮೋನನ ಉತ್ತರ ಹೊಸ ಒಡಂಬಡಿಕೆಯಲ್ಲಿಲ್ಲ.