ಹಿತ್ತಲಿನಲ್ಲಿ ಬಿಯರ್ ದಿನ: ಎರಡು ಒಲೆಗೆ ಒಂದು ವೇಳಾಪಟ್ಟಿ

ಮೇ ತಿಂಗಳ ಮೊದಲ ಶನಿವಾರ ಅಮೆರಿಕದ ಊರೂರುಗಳ ಹಿತ್ತಲುಗಳಲ್ಲಿ ದೊಡ್ಡ ದೊಡ್ಡ ಪಾತ್ರೆಗಳು ಒಲೆ ಏರುತ್ತವೆ. ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಒಟ್ಟಾಗಿ ಸೇರಿ ಕುದಿಸುವ ಈ ದಿನಕ್ಕೆ ‘ಬಿಗ್ ಬ್ರೂ’ ಎಂದು ಹೆಸರು. ಇದರ ಹಿಂದಿರುವುದು ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್. ಚಾರ್ಲಿ ಪಪೇಜಿಯನ್ ಮತ್ತು ಚಾರ್ಲಿ ಮ್ಯಾಟ್ಜನ್ 1978ರಲ್ಲಿ ಕೊಲರಾಡೋದ ಬೌಲ್ಡರ್‌ನಲ್ಲಿ ಕಟ್ಟಿದ ಸಂಘ ಅದು. ಹೀಗೆ ಸೇರಿದ ಕಡೆ ಪಕ್ಕದಲ್ಲೊಂದು ಬಾರ್ಬೆಕ್ಯೂ ಒಲೆಯೂ ಉರಿಯುವುದು ಸಹಜ. ಬಿಯರ್ ತಯಾರಿಕೆಯಲ್ಲಿ ಕೆಲಸಕ್ಕಿಂತ ಕಾಯುವುದೇ ಹೆಚ್ಚು. ಕಾಯುವ ಹೊತ್ತಿನಲ್ಲಿ ಹಸಿವಾಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡದ ಗೆಳೆಯರ ಬಳಗವೂ ಇಂಥ ದಿನವನ್ನು ಚೆನ್ನಾಗಿ ನಡೆಸಬಹುದು. ಅದಕ್ಕೆ ಬೇಕಾದದ್ದು ಎರಡೂ ಒಲೆಗಳನ್ನು ಹೊಂದಿಸಿದ ಒಂದೇ ವೇಳಾಪಟ್ಟಿ.

ಮೊದಲು ಕಾನೂನು

ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಅಮೆರಿಕದಲ್ಲಿ ಮನೆಬಳಕೆಯ ಬಿಯರ್ ತಯಾರಿಕೆಗೆ ಒಕ್ಕೂಟ ತೆರಿಗೆಯಿಂದ ವಿನಾಯಿತಿ ಸಿಕ್ಕಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್. ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್. ಮಾರುವಂತಿಲ್ಲ. ಬಟ್ಟಿ ಇಳಿಸುವುದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ರಾಜ್ಯಗಳ ಕಾನೂನು ಬೇರೆ ಬೇರೆ. ಮಿಸಿಸಿಪಿ ಮತ್ತು ಅಲಬಾಮ ಒಪ್ಪಿದ್ದು 2013ರಲ್ಲಿ. ತಯಾರಿಸಿದ್ದನ್ನು ಹೊರಗೆ ಒಯ್ದು ಹಂಚಿಕೊಳ್ಳುವ ನಿಯಮವನ್ನು ನಿಮ್ಮ ರಾಜ್ಯದಲ್ಲಿ ನೋಡಿಕೊಳ್ಳಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಊರಿಗೆ ಬಂದಾಗ ಇದನ್ನು ಮನೆಯಲ್ಲಿ ಮಾಡಿ ತೋರಿಸುವ ಉತ್ಸಾಹ ಬೇಡ.

ಒಂದು ಪಾತ್ರೆ, ಎರಡು ಯೀಸ್ಟ್

ಗುಂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಒಲೆ, ಪಾತ್ರೆ ತಂದು ಬೇರೆ ಬೇರೆ ಬಿಯರ್ ಮಾಡುವುದು ಒಂದು ರೀತಿ. ಹೊಸಬರಿದ್ದರೆ ಎಲ್ಲರೂ ಸೇರಿ ಒಂದೇ ದೊಡ್ಡ ಪಾತ್ರೆಯಲ್ಲಿ 10 ಗ್ಯಾಲನ್ (38 ಲೀಟರ್) ಮಾಡಿ, ಎರಡು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಜಾತಿಯ ಯೀಸ್ಟ್ ಹಾಕುವುದೇ ಮೇಲು. ಬಿಯರಿನ ರುಚಿಯಲ್ಲಿ ಯೀಸ್ಟಿನ ಪಾಲು ಎಷ್ಟು ದೊಡ್ಡದೆಂದು ಇದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ಇಲ್ಲ.

ಇದಕ್ಕೆ ಗೋಧಿ ಬಿಯರ್ ಹೇಳಿ ಮಾಡಿಸಿದ್ದು. ಗೋಧಿ ಮಾಲ್ಟ್ 4.5 ಕಿಲೋ, ಬಾರ್ಲಿ ಮಾಲ್ಟ್ 4.5 ಕಿಲೋ, ಸುಮಾರು 5 ಶೇಕಡಾ ಆಲ್ಫಾ ಆಮ್ಲವಿರುವ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) 45 ಗ್ರಾಂ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ನಮ್ಮ ಮನೆಗಳಲ್ಲಿ ರಾಗಿಗೆ ಮಾಡುವ ಕೆಲಸವೇ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಮುಂದೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಗೋಧಿಗೆ ಬಾರ್ಲಿಯಂತೆ ಹೊಟ್ಟು ಅಂಟಿಕೊಂಡಿರುವುದಿಲ್ಲವಾದ್ದರಿಂದ ಬಸಿಯುವಾಗ ಅಂಟಾಗಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ತೊಳೆದ ಭತ್ತದ ಹೊಟ್ಟನ್ನು ಅರ್ಧ ಕಿಲೋದಷ್ಟು ಬೆರೆಸುತ್ತಾರೆ. ಬಿಯರ್ ಸಾಮಗ್ರಿಯ ಅಂಗಡಿಗಳಲ್ಲಿ ಅದು ಸಿಗುತ್ತದೆ.

ಒಂದು ಪಾಲಿಗೆ ಜರ್ಮನ್ ವೈಟ್ಸನ್ ಯೀಸ್ಟ್ ಹಾಕಿದರೆ ಬಾಳೆಹಣ್ಣು, ಲವಂಗದ ಪರಿಮಳ ಬರುತ್ತದೆ. ಬಾಳೆಯನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ. ಎಲ್ಲವೂ ಯೀಸ್ಟಿನ ಕೆಲಸ. ಇನ್ನೊಂದಕ್ಕೆ ಅಮೆರಿಕನ್ ಏಲ್ ಯೀಸ್ಟ್ ಹಾಕಿದರೆ ಆ ಪರಿಮಳವಿಲ್ಲದ, ಧಾನ್ಯದ ರುಚಿ ನೇರವಾಗಿ ಸಿಗುವ ಬಿಯರ್. ಒಣ ಯೀಸ್ಟ್ ಆದರೆ ಪಾಲಿಗೊಂದು 11 ಗ್ರಾಂ ಪೊಟ್ಟಣ ಸಾಕು.

38 ಲೀಟರಿಗೆ 15 ಗ್ಯಾಲನ್ (57 ಲೀಟರ್) ಹಿಡಿಯುವ ಪಾತ್ರೆ ಬೇಕು, ಇಲ್ಲದಿದ್ದರೆ ಕುದಿಯುವಾಗ ಉಕ್ಕುತ್ತದೆ. ನೀರು ಒಟ್ಟು 55ರಿಂದ 60 ಲೀಟರ್ ತೆಗೆದಿಡಿ. ಕಾಳು ಕುಡಿಯುವುದು, ಆವಿಯಾಗಿ ಹೋಗುವುದು ಎರಡೂ ಅದರಲ್ಲೇ ಬರುತ್ತದೆ.

ಗಂಟೆಗೆ ತಕ್ಕ ಕೆಲಸ

*ಬೆಳಿಗ್ಗೆ 7.30:* ಗ್ಯಾಸ್ ಬರ್ನರ್ ಹಚ್ಚಿ 27 ಲೀಟರ್ ನೀರನ್ನು 73–74 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಬರ್ನರ್ ಸದಾ ಬಯಲಲ್ಲೇ ಇರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

*8.15:* ನುಚ್ಚು ಮಾಡಿದ ಮಾಲ್ಟನ್ನು ಬಿಸಿನೀರಿಗೆ ಸುರಿದು, ಗಂಟಾಗದಂತೆ ಕಲಕಿ. ತಣ್ಣನೆಯ ಕಾಳು ಸೇರಿ ಶಾಖ 67 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮುಚ್ಚಿ ಒಂದು ಗಂಟೆ ಬಿಡಿ. ಇದು ಮ್ಯಾಶ್, ದಿನದ ಮೊದಲ ಬಿಡುವು. ತಿಂಡಿ ಮುಗಿಸಲು, ಹೊಸಬರಿಗೆ ಹಂತಗಳನ್ನು ವಿವರಿಸಲು, ಮಾಂಸ ತರಕಾರಿಗೆ ಮಸಾಲೆ ಹಚ್ಚಲು ಇದೇ ಸಮಯ.

*9.15:* ಸಿಹಿ ರಸವನ್ನು ಬಸಿಯಿರಿ. ಉಳಿದ ನೀರನ್ನು ಬಿಸಿ ಮಾಡಿ ಕಾಳಿನ ಮೇಲೆ ಸುರಿದು ಮಿಕ್ಕ ಸಕ್ಕರೆಯನ್ನೂ ತೊಳೆದು ತೆಗೆಯಿರಿ. ಈ ರಸಕ್ಕೆ ವರ್ಟ್ ಎನ್ನುತ್ತಾರೆ. 45 ಲೀಟರಿನಷ್ಟು ಸಿಕ್ಕರೆ ಸರಿ.

*10.30:* ಕುದಿ ಆರಂಭ. ಮೊದಲ ಹತ್ತು ನಿಮಿಷ ಯಾರೂ ಕಣ್ಣು ತೆಗೆಯಬಾರದು, ಏಕೆಂದರೆ ವರ್ಟ್ ಹಾಲಿನಂತೆ ಒಮ್ಮೆಲೇ ಉಕ್ಕುತ್ತದೆ. ನೊರೆ ಏರಿದರೆ ಉರಿ ತಗ್ಗಿಸಿ, ನೀರು ಚಿಮುಕಿಸಿ. ನೊರೆ ಇಳಿದ ಮೇಲೆ ಹಾಪ್ಸ್ ಹಾಕಿ ಒಂದು ಗಂಟೆ ಕುದಿಸಿ. ಪಾತ್ರೆಗೆ ಮುಚ್ಚಳ ಹಾಕಬೇಡಿ. ಬೇಡದ ವಾಸನೆಯ ಸಂಯುಕ್ತಗಳು ಆವಿಯ ಜತೆ ಹೊರಹೋಗಬೇಕು.

*11.15:* ಈಗ ಗ್ರಿಲ್‌ನ ಇದ್ದಿಲು ಹೊತ್ತಿಸಿ, ಅದಕ್ಕೂ ಮೊದಲು ಬೇಡ. ಚಿಮಣಿ ಸ್ಟಾರ್ಟರ್‌ನಲ್ಲಿ ಇದ್ದಿಲ ಮೇಲೆ ಬೂದಿ ಕಟ್ಟಲು ಇಪ್ಪತ್ತು ನಿಮಿಷ ಸಾಕು.

*11.40:* ಉರಿ ಆರಿಸಿ ತಂಪು ಮಾಡಲು ತೊಡಗಿ. ತಾಮ್ರದ ಸುರುಳಿ ಕೊಳವೆಯನ್ನು ವರ್ಟಿನಲ್ಲಿ ಮುಳುಗಿಸಿ, ಒಳಗೆ ತಣ್ಣೀರು ಹರಿಸಿ 20 ಡಿಗ್ರಿಗೆ ಇಳಿಸಬೇಕು. ಸುರುಳಿಯನ್ನು ಕುದಿಯ ಕೊನೆಯ ಹದಿನೈದು ನಿಮಿಷ ಪಾತ್ರೆಯಲ್ಲೇ ಇಟ್ಟಿದ್ದರೆ ಶುದ್ಧವಾಗಿರುತ್ತದೆ. ಮೊದಲು ಹೊರಬರುವ ಬಿಸಿನೀರನ್ನು ಹಿಡಿದಿಡಿ, ಪಾತ್ರೆ ತೊಳೆಯಲು ಬೇಕಾಗುತ್ತದೆ.

*12.30:* ಎರಡು ಫರ್ಮೆಂಟರ್‌ಗಳಿಗೆ (ಹುದುಗುವ ಪಾತ್ರೆಗಳಿಗೆ) ಹಂಚಿ, ಚೆನ್ನಾಗಿ ಕುಲುಕಿ ಗಾಳಿ ಬೆರೆಸಿ, ಯೀಸ್ಟ್ ಹಾಕಿ, ಒಳಗಿನ ಅನಿಲವನ್ನಷ್ಟೇ ಹೊರಬಿಡುವ ಏರ್‌ಲಾಕ್ ಸಿಕ್ಕಿಸಿ. ಆಮೇಲೆ ಊಟ.

ಕುದಿ ಎಂಬ ಗೆರೆ

ಈ ದಿನದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದ್ದು ಇದು: ಉರಿ ಆರಿಸಿದ ಕ್ಷಣದಿಂದ ನಿಯಮ ಬದಲಾಗುತ್ತದೆ. ಅಲ್ಲಿಯವರೆಗೆ ಏನು ಬಿದ್ದರೂ ಕುದಿ ಅದನ್ನು ಕೊಲ್ಲುತ್ತದೆ. ಆಮೇಲೆ ವರ್ಟ್ ಮುಟ್ಟುವ ಕೈ, ಕೊಳವೆ, ಕತ್ತರಿ ಎಲ್ಲವೂ ಸ್ಯಾನಿಟೈಸರ್‌ನಲ್ಲಿ ಅದ್ದಿಯೇ ಬರಬೇಕು. ತಣ್ಣಗಿನ ಸಿಹಿ ರಸವೆಂದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಕಾಳಿನ ಧೂಳಿನಲ್ಲೇ ಬಿಯರನ್ನು ಹುಳಿ ಮಾಡುವ ಲ್ಯಾಕ್ಟೊಬ್ಯಾಸಿಲಸ್ ಇರುತ್ತದೆ. ಆದ್ದರಿಂದ ಕಾಳು ಒಡೆಯುವ ಯಂತ್ರ ಹಿತ್ತಲಿನ ಒಂದು ಮೂಲೆಯಲ್ಲಿರಲಿ, ಫರ್ಮೆಂಟರ್ ಇನ್ನೊಂದು ಮೂಲೆಯಲ್ಲಿರಲಿ.

ಬಾರ್ಬೆಕ್ಯೂ ತೊಡಕಾಗುವುದೂ ಇದೇ ಹೊತ್ತಿನಲ್ಲಿ. ವರ್ಟ್ ತಣಿಯುವಾಗಲೇ ಗ್ರಿಲ್‌ನಲ್ಲಿ ಕೋಳಿ ಬೇಯುತ್ತಿರುತ್ತದೆ. ಹಸಿ ಮಾಂಸ ಮುಟ್ಟಿದ ಕೈ ಫರ್ಮೆಂಟರ್ ಕಡೆ ಹೋಗಲೇಬಾರದು. ಅದಕ್ಕೇ ಎರಡು ತಂಡ ಮಾಡಿ: ಒಂದು ಪಾತ್ರೆಯದು, ಇನ್ನೊಂದು ಗ್ರಿಲ್‌ನದು. ಗಾಳಿಯ ದಿಕ್ಕು ನೋಡಿ, ಹೊಗೆ ಮತ್ತು ಬೂದಿ ಪಾತ್ರೆಯ ಕಡೆ ಬರದಂತೆ ಗ್ರಿಲ್ ಇಡಿ. ಹಸಿ ಮಾಂಸಕ್ಕೆ ಒಂದು ಐಸ್ ಪೆಟ್ಟಿಗೆ, ಕುಡಿಯುವುದಕ್ಕೆ ಮತ್ತೊಂದು.

ಗ್ರಿಲ್ ಮೇಲೆ ಏನು?

ವೇಳಾಪಟ್ಟಿಗೆ ಹೊಂದುವುದನ್ನೇ ಆರಿಸಿ. ಟೆಕ್ಸಾಸಿನ ಬ್ರಿಸ್ಕೆಟ್‌ಗೆ (ದನದ ಎದೆಮಾಂಸಕ್ಕೆ) ಹತ್ತು ಹನ್ನೆರಡು ಗಂಟೆ ಹಿಡಿಯಬಹುದು. ಅದು ಬೇಕಿದ್ದವರು ಹಿಂದಿನ ರಾತ್ರಿಯೇ ಒಲೆ ಹೂಡಬೇಕು. ಮೂಳೆಯಿರುವ ಕೋಳಿ ತೊಡೆ ನಲವತ್ತು ನಿಮಿಷದಲ್ಲಿ ಆಗುತ್ತದೆ. 11.45ಕ್ಕೆ ಇಟ್ಟರೆ ಊಟಕ್ಕೆ ಸರಿಯಾಗುತ್ತದೆ. ಇದ್ದಿಲನ್ನು ಒಂದು ಬದಿಗೆ ಸೇರಿಸಿ, ತಣ್ಣನೆ ಬದಿಯಲ್ಲಿ ನಿಧಾನ ಬೇಯಿಸಿ, ಕೊನೆಗೆ ಬಿಸಿ ಬದಿಯಲ್ಲಿ ಕೆಂಪಗೆ ಮಾಡಿ. ಬಣ್ಣ ನೋಡಿ ಬೆಂದಿದೆ ಎನ್ನಬೇಡಿ. ಥರ್ಮಾಮೀಟರ್ ಚುಚ್ಚಿ ಒಳಗೆ 74 ಡಿಗ್ರಿ ಇದೆಯೇ ನೋಡಿ. ದನ, ಹಂದಿ, ಕುರಿಯ ಕೊಚ್ಚಿದ ಮಾಂಸಕ್ಕೆ 71 ಡಿಗ್ರಿ.

ಸಸ್ಯಾಹಾರಿಗಳಿಗೆ ಪ್ರತ್ಯೇಕ ಗ್ರಿಲ್, ಪ್ರತ್ಯೇಕ ಇಕ್ಕಳ ಇಡುವುದು ಮರ್ಯಾದೆ. ಮೂಲೆಯಲ್ಲಿ ಜಾಗ ಬಿಟ್ಟುಕೊಟ್ಟರೆ ಸಾಲದು. ಮುಸುಕಿನ ಜೋಳ, ಬದನೆ, ಪನೀರ್, ದಪ್ಪ ಮೆಣಸಿನಕಾಯಿ ಎಲ್ಲವೂ ಕೆಂಡಕ್ಕೆ ಚೆನ್ನಾಗಿ ಒಗ್ಗುತ್ತವೆ. ಬಡಿಸಿದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಎಚ್ಚರಿಕೆಗಳು

ಯೀಸ್ಟ್ ಹಾಕುವವರೆಗೆ ಯಾರೂ ಬಿಯರ್ ಕುಡಿಯುವುದಿಲ್ಲ ಎಂದು ಬೆಳಿಗ್ಗೆಯೇ ಒಪ್ಪಂದವಾಗಲಿ. 45 ಲೀಟರ್ ಕುದಿಯುವ ರಸದ ಹತ್ತಿರ ಅಮಲಿಗೆ ಜಾಗವಿಲ್ಲ. ಚಪ್ಪಲಿ ಬೇಡ, ಮುಚ್ಚಿದ ಶೂ ಇರಲಿ. ತುಂಬಿದ ಬಿಸಿ ಪಾತ್ರೆಯನ್ನು ಎತ್ತಬೇಡಿ, ನಲ್ಲಿಯಿಂದಲೇ ಇಳಿಸಿ. ಮಕ್ಕಳು ದಾಟಬಾರದ ಗೆರೆಯೊಂದನ್ನು ಬರ್ನರ್ ಸುತ್ತ ಎಳೆದು, ಅವರ ಮೇಲೆ ಕಣ್ಣಿಡಲು ಒಬ್ಬರನ್ನು ನೇಮಿಸಿ. ಮನೆಗೆ ಗಾಡಿ ಓಡಿಸುವವರು ಯಾರೆಂದು ಮೊದಲೇ ತೀರ್ಮಾನವಾಗಲಿ. ಬಸಿದುಳಿದ ಕಾಳು ಗೊಬ್ಬರದ ಗುಂಡಿಗೆ ಅಥವಾ ಪರಿಚಯದವರ ಕೋಳಿಗಳಿಗೆ ಹೋಗಲಿ. ಹಾಪ್ಸ್ ಮಾತ್ರ ನಾಯಿಗೆ ಸಿಗದಂತೆ ನೋಡಿಕೊಳ್ಳಿ. ಅದು ನಾಯಿಗಳಿಗೆ ವಿಷ, ಪ್ರಾಣವನ್ನೇ ತೆಗೆಯಬಲ್ಲದು.

ಎರಡನೆಯ ಭೇಟಿ

ಅಂದು ಮಾಡಿದ ಬಿಯರ್ ಅಂದೇ ಕುಡಿಯಲು ಸಿಗುವುದಿಲ್ಲ. ಸುಮಾರು ಎರಡು ವಾರ 18–20 ಡಿಗ್ರಿಯಲ್ಲಿ ಹುದುಗಬೇಕು. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಎರಡು ಮೂರು ದಿನದ ಅಂತರದಲ್ಲಿ ಒಂದೇ ಅಳತೆ ಬಂದ ಮೇಲಷ್ಟೇ ಪಾಲಿಗೆ 120 ಗ್ರಾಂ ಸಕ್ಕರೆ ಕರಗಿಸಿ ಬೆರೆಸಿ, ಬಾಟಲಿಗೆ ತುಂಬಿ. ಆತುರಪಟ್ಟರೆ ಒಳಗಿನ ಒತ್ತಡಕ್ಕೆ ಗಾಜು ಸಿಡಿಯುತ್ತದೆ. ಬಾಟಲಿಯಲ್ಲಿ ಮತ್ತೆರಡು ವಾರ. ಆರಂಭದ ಅಳತೆ 1.050, ಕೊನೆಯದು 1.010 ಇದ್ದರೆ, ವ್ಯತ್ಯಾಸವನ್ನು 131ರಿಂದ ಗುಣಿಸಿ: ಮದ್ಯಸಾರ ಸುಮಾರು 5.2 ಶೇಕಡಾ.

ಆದ್ದರಿಂದ ಮೊದಲ ದಿನವನ್ನು ಗೊತ್ತುಮಾಡುವಾಗಲೇ ಜೂನ್ ಮೊದಲ ವಾರಕ್ಕೆ ಇನ್ನೊಂದು ಭೇಟಿಯನ್ನೂ ಗೊತ್ತುಮಾಡಿ. ಎರಡು ಫರ್ಮೆಂಟರ್‌ಗಳಿಂದ 330–350 ಮಿಲಿಲೀಟರಿನ ನೂರರಷ್ಟು ಬಾಟಲಿಗಳು ಸಿಗುತ್ತವೆ. ಗುರುತು ಹಾಕದ ಲೋಟಗಳಲ್ಲಿ ಎರಡನ್ನೂ ಸುರಿದು, ಯಾವುದರಲ್ಲಿ ಯಾವ ಯೀಸ್ಟ್ ಎಂದು ಪ್ರತಿಯೊಬ್ಬರೂ ಬರೆದಿಡಲಿ. ಅದೇ ಕಾಳು, ಅದೇ ನೀರು, ಅದೇ ಹಾಪ್ಸ್‌ನಿಂದ ಎರಡು ಬೇರೆ ಬಿಯರ್ ಆದದ್ದನ್ನು ನಾಲಿಗೆಯಿಂದ ತಿಳಿದವರು ಮುಂದಿನ ಸಲ ಯಾವ ಯೀಸ್ಟ್ ತರಬೇಕೆಂದು ತಾವೇ ಹೇಳುತ್ತಾರೆ. ಮುಂದಿನ ಕುದಿಯ ದಿನವನ್ನೂ ಅಂದೇ ಅವರೊಂದಿಗೆ ನಿಗದಿ ಮಾಡಿ.