ವರ್ಷಗಳ ಬಳಿಕ ಕಾಣಿಸುವ ಬಾವು

ಶಸ್ತ್ರಚಿಕಿತ್ಸೆಯ ಗಾಯ ಒಣಗಿ ಹೊಲಿಗೆಯ ಗುರುತು ಮಾಸಿದರೆ ಎಲ್ಲವೂ ಮುಗಿಯಿತೆಂದು ನಾವು ಭಾವಿಸುತ್ತೇವೆ. ಸಿಲಿಕೋನ್ ಸ್ತನ ಹಾಕಿಸಿಕೊಂಡವರ ವಿಷಯದಲ್ಲಿ ಹಾಗಲ್ಲ. ಎಂಟು ಹತ್ತು ವರ್ಷ ಯಾವ ತೊಂದರೆಯನ್ನೂ ಕೊಡದ ಎದೆ ಇದ್ದಕ್ಕಿದ್ದಂತೆ ಊದಿಕೊಳ್ಳಬಹುದು.

ಸಿಲಿಕೋನ್ ಜೆಲ್ ತುಂಬಿದ ಕೃತಕ ಸ್ತನವನ್ನು ಮೊದಲು ಅಳವಡಿಸಿದ್ದು 1962ರಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ. ಅಂದಿನಿಂದ ಲಕ್ಷಾಂತರ ಮಹಿಳೆಯರು ಇದನ್ನು ಹಾಕಿಸಿಕೊಂಡಿದ್ದಾರೆ. ಅವರೆಲ್ಲರೂ ಚಂದಕ್ಕಾಗಿ ಹೋದವರಲ್ಲ. ಕ್ಯಾನ್ಸರ್‌ನಿಂದ ಸ್ತನ ಕಳೆದುಕೊಂಡವರೂ ಅವರಲ್ಲಿದ್ದಾರೆ. ಹಗುರವಾಗಿ ಮಾತನಾಡುವವರು ಇದನ್ನು ಮರೆಯುತ್ತಾರೆ.

ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಪೊರೆ ಕಟ್ಟುತ್ತದೆ. ಇದು ಸಹಜ. ಆದರೆ ಕೆಲವರಲ್ಲಿ ಆ ಪೊರೆ ದಪ್ಪವಾಗಿ ಬಿಗಿಯತೊಡಗುತ್ತದೆ. ಆಗ ಎದೆ ಕಲ್ಲಿನಂತಾಗಿ ನೋಯುತ್ತದೆ. ಜೆಲ್‌ನ ಚೀಲ ಒಡೆದರೂ ಎಷ್ಟೋ ಸಲ ತಿಳಿಯುವುದೇ ಇಲ್ಲ. ಸೋರಿದ ಜೆಲ್ ಕಂಕುಳಿನ ಗ್ರಂಥಿ ಸೇರಿ ಗಂಟಾದಾಗ, ಕ್ಯಾನ್ಸರ್ ಮರಳಿತೆಂದು ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ.

ಮನುಷ್ಯನ ದುರಾಸೆಯೂ ಇದಕ್ಕೆ ಸೇರಿಕೊಂಡದ್ದುಂಟು. ಫ್ರಾನ್ಸ್‌ನ ಪಿಐಪಿ ಕಂಪೆನಿ ವೈದ್ಯಕೀಯ ಸಿಲಿಕೋನ್ ಬದಲು ಅಗ್ಗದ ಕೈಗಾರಿಕಾ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾಯಿತು. ಮರುವರ್ಷ ಫ್ರೆಂಚ್ ಸರಕಾರ ಸುಮಾರು 30,000 ಮಹಿಳೆಯರಿಗೆ ಅದನ್ನು ತೆಗೆಸಿಕೊಳ್ಳುವಂತೆ ಸಲಹೆ ನೀಡಿತು. 2013ರಲ್ಲಿ ಕಂಪೆನಿಯ ಸ್ಥಾಪಕನಿಗೆ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು.

ಹೆಚ್ಚು ಎಚ್ಚರ ಬೇಕಾದದ್ದು ಇನ್ನೊಂದು ವಿಷಯದಲ್ಲಿ. ತರಿತರಿಯಾದ ಹೊರಮೈಯ ಇಂಪ್ಲಾಂಟ್‌ಗಳ ಸುತ್ತಲಿನ ಪೊರೆಯಲ್ಲಿ ಅಪರೂಪಕ್ಕೆ ಲಿಂಫೋಮಾ ಎಂಬ ಕ್ಯಾನ್ಸರ್ ಹುಟ್ಟುತ್ತದೆ. ಇದು ಸ್ತನ ಕ್ಯಾನ್ಸರ್ ಅಲ್ಲ, ರೋಗನಿರೋಧಕ ಕಣಗಳ ಕ್ಯಾನ್ಸರ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಮೊದಲು ಎಚ್ಚರಿಸಿದ್ದು 2011ರಲ್ಲಿ. 2019ರ ಜುಲೈಯಲ್ಲಿ ಅಲರ್ಗನ್ ಕಂಪೆನಿ ತನ್ನ ಬಯೋಸೆಲ್ ಮಾದರಿಯನ್ನು ಜಗತ್ತಿನೆಲ್ಲೆಡೆಯಿಂದ ಹಿಂದಕ್ಕೆ ಪಡೆಯಿತು. ರೋಗ ಹರಡುವ ಮೊದಲೇ ಪತ್ತೆಯಾದರೆ ಇಂಪ್ಲಾಂಟನ್ನೂ ಪೊರೆಯನ್ನೂ ತೆಗೆಯುವುದರಿಂದಲೇ ಹೆಚ್ಚಿನವರು ಗುಣಮುಖರಾಗುತ್ತಾರೆ.

ತಡವಾಗುವುದು ಹೆಚ್ಚಾಗಿ ಸಂಕೋಚದಿಂದ. ಎದೆ ಊದಿದ್ದನ್ನು ತಾಯಿಗೂ ಹೇಳದೆ ಬಿಸಿನೀರಿನ ಶಾಖ ಕೊಡುತ್ತಾ ಕೂರುವವರಿದ್ದಾರೆ. ಪುರುಷ ವೈದ್ಯರೆಂದು ಹಿಂಜರಿಕೆಯಾದರೆ ವೈದ್ಯೆಯನ್ನೇ ಕೇಳಿ. ಅಲ್ಟ್ರಾಸೌಂಡ್‌ನಲ್ಲಿ ನೀರು ಕಂಡರೆ ಅದನ್ನು ತೆಗೆದು ಚೆಲ್ಲದೆ ಪ್ರಯೋಗಾಲಯದಲ್ಲಿ ಸಿಡಿ-30 ಪರೀಕ್ಷೆ ಮಾಡಿಸಬೇಕು. ಯಾವ ತೊಂದರೆಯೂ ಇಲ್ಲದವರು ಕೇವಲ ಭಯದಿಂದ ಇಂಪ್ಲಾಂಟ್ ತೆಗೆಸಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ದಿನ ಕೊಟ್ಟ ಚಿಕ್ಕ ಕಾರ್ಡಿನಲ್ಲಿ ಕಂಪೆನಿಯ ಹೆಸರು, ಮಾದರಿ, ಕ್ರಮಸಂಖ್ಯೆ ಇರುತ್ತವೆ. ಹತ್ತು ವರ್ಷದ ನಂತರ ವೈದ್ಯರು ಮೊದಲು ಕೇಳುವುದು ಅದನ್ನೇ.