ರಾತ್ರಿಯ ಕೆಲಸಕ್ಕೆ ಟಾರ್ಚು: ಚಾರ್ಜಿನ ಸೆಲ್ಲೋ, ಬಿಸುಡುವ ಸೆಲ್ಲೋ?

ನೀರಾವರಿಯ ಪಂಪುಗಳಿಗೆ ವಿದ್ಯುಚ್ಛಕ್ತಿಯು ಸರದಿಯ ಮೇಲೆ ದೊರೆಯುವ ಗ್ರಾಮಗಳಲ್ಲಿ, ರಾತ್ರಿಯ ಪಾಳಿಯು ಬಂದಾಗ ನಡುರಾತ್ರಿಯಲ್ಲಾಗಲಿ ಬೆಳಗಿನ ಜಾವದಲ್ಲಾಗಲಿ ಎದ್ದು ಹೋಗಿ ಮಡೆ ತಿರುಗಿಸುವುದು ವ್ಯವಸಾಯಗಾರರಿಗೆ ಅನಿವಾರ್ಯವಾಗಿರುತ್ತದೆ. ಇದಲ್ಲದೆ ಹಂದಿಯ ಕಾವಲು, ಕಣದ ಕಾವಲು, ಕೊಟ್ಟಿಗೆಯಲ್ಲಿ ಹಸು ಕರು ಹಾಕುವ ವೇಳೆಯ ಆರೈಕೆ ಮುಂತಾದ ಕೆಲಸಗಳೂ ಕತ್ತಲೆಯಲ್ಲಿಯೇ ನಡೆಯತಕ್ಕವು. ಇವೆಲ್ಲಕ್ಕೂ ಬೇಕಾದ ಮೊದಲನೆಯ ಉಪಕರಣವು ಟಾರ್ಚು. ಗ್ರಾಮಾಂತರಗಳಲ್ಲಿ ಇದನ್ನೇ ‘ಬ್ಯಾಟರಿ’ ಎಂದು ಕರೆಯುವ ವಾಡಿಕೆಯುಂಟು. ನೇಗಿಲು, ಪಂಪು, ಗೊಬ್ಬರ ಇವುಗಳನ್ನು ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವ ನಾವು ಟಾರ್ಚನ್ನು ಮಾತ್ರ ಸಂತೆಯಲ್ಲಿ ಕೈಗೆ ಸಿಕ್ಕಿದುದನ್ನು ತಂದುಬಿಡುತ್ತೇವೆ. ಇದು ಸರಿಯಲ್ಲವೆಂಬುದನ್ನೂ, ಯಾವ ಕೆಲಸಕ್ಕೆ ಎಂತಹ ಸೆಲ್ಲಿನ ಟಾರ್ಚು ತಕ್ಕುದೆಂಬುದನ್ನೂ ಗ್ರಾಮದ ಮುಖ್ಯಸ್ಥರಿಗೂ ಜಮೀನುದಾರರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಬೆಳಕಿಲ್ಲದೆ ಹೋದರೆ ಆಗುವ ಹಾನಿ

2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಜನರು ಮೃತರಾದರೆಂದು 2020ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅಂದಾಜು ಮಾಡಿದೆ. ಇವರಲ್ಲಿ ಬಹುಮಂದಿ ಗ್ರಾಮವಾಸಿಗಳು. ಸುಮಾರು ಅರ್ಧ ಭಾಗದ ಮರಣಗಳು ಜೂನ್ ತಿಂಗಳಿಂದ ಸೆಪ್ಟೆಂಬರ್ ವರೆಗಿನ ಮಳೆಗಾಲದಲ್ಲಿ ಸಂಭವಿಸಿದುವು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು, ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ವಿಷಯವೆಂದು ಘೋಷಿಸಿತು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕೂ ಪ್ರಾಣಾಪಾಯವನ್ನುಂಟುಮಾಡತಕ್ಕವು. ಕಟ್ಟುಹಾವು ರಾತ್ರಿಯಲ್ಲಿ ಸಂಚರಿಸತಕ್ಕದ್ದು. ಕೊಳಕುಮಂಡಲವು ತರಗೆಲೆಯ ಬಣ್ಣಕ್ಕೆ ಹೊಂದಿಕೊಂಡು ಬಿದ್ದಿರುತ್ತದೆ. ಕಾಲಿನ ಸಪ್ಪಳ ಕೇಳಿದರೂ ಅನೇಕ ವೇಳೆ ಸರಿದು ಹೋಗುವುದಿಲ್ಲ. ಆದುದರಿಂದ ಬದುವಿನ ಮೇಲೆ ನಡೆಯುವವನಿಗೆ ಕಾಲಿನ ಮುಂದಿನ ನಾಲ್ಕು ಹೆಜ್ಜೆಯ ನೆಲವು ಸ್ಪಷ್ಟವಾಗಿ ಕಾಣುವುದೇ ಮುಖ್ಯವಾದ ರಕ್ಷಣೆ. ಟಾರ್ಚು ದಾರಿಯ ನಡುವೆ ಕೈಕೊಟ್ಟರೆ ಅದನ್ನು ನಂಬಿ ಹೊರಟವನು, ದೀಪವಿಲ್ಲವೆಂದು ಮನೆಯಲ್ಲಿಯೇ ಉಳಿದವನಿಗಿಂತ ಹೆಚ್ಚಿನ ಅಪಾಯಕ್ಕೆ ಒಳಗಾಗುತ್ತಾನೆ. ಟಾರ್ಚನ್ನು ಆರಿಸುವಾಗ ಕೇಳಬೇಕಾದ ಮೊದಲನೆಯ ಪ್ರಶ್ನೆ ‘ಇದು ಎಷ್ಟು ದೂರಕ್ಕೆ ಬೆಳಕು ಬೀರುತ್ತದೆ’ ಎಂಬುದಲ್ಲ. ‘ಬೇಕೆಂದಾಗ ತಪ್ಪದೆ ಉರಿಯುತ್ತದೆಯೇ’ ಎಂಬುದು.

ಸೆಲ್ಲುಗಳ ಬಗೆಗಳು

ಇಂದಿನ ಟಾರ್ಚುಗಳಲ್ಲಿ ಹಿಂದಿನ ತಂತಿಯ ಬಲ್ಬಿಗೆ ಬದಲಾಗಿ ಎಲ್.ಇ.ಡಿ. ದೀಪಗಳಿರುತ್ತವೆ. ಇವು ಕಡಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕನ್ನು ಕೊಡುತ್ತವೆ. ಕೆಳಗೆ ಬಿದ್ದರೆ ತಂತಿ ಕಡಿದುಹೋಗುವ ಭಯವೂ ಇಲ್ಲ. ದೀಪದ ವಿಷಯದಲ್ಲಿ ತೊಡಕು ಕಡಮೆಯಾಗಿದೆ. ಉಳಿದಿರುವ ತೊಡಕೆಲ್ಲವೂ ಸೆಲ್ಲಿನದು. ಸೆಲ್ಲುಗಳು ಮುಖ್ಯವಾಗಿ ಎರಡು ವರ್ಗದವು.

ಬಿಸುಡುವ ಸೆಲ್ಲುಗಳಲ್ಲಿ ಮೊದಲನೆಯದು ಸತುವು ಮತ್ತು ಇಂಗಾಲದ ಸಾಧಾರಣ ಸೆಲ್ಲು. ಬೆಲೆ ಕಡಮೆ, ಆದರೆ ಬೇಗ ತೀರುತ್ತದೆ. ಸತುವಿನ ಡಬ್ಬಿಯೇ ಉಪಯೋಗದಲ್ಲಿ ಸವೆಯುವುದರಿಂದ ಕ್ರಮೇಣ ತೂತುಬಿದ್ದು ರಸ ಸೋರುವುದುಂಟು. ಎರಡನೆಯದು ಆಲ್ಕಲೈನ್ ಸೆಲ್ಲು. ಬೆಲೆ ಹೆಚ್ಚಾದರೂ ಪ್ರಕಾಶವಾದ ದೀಪದಲ್ಲಿ ಸಾಧಾರಣ ಸೆಲ್ಲಿಗಿಂತ ಕೆಲವು ಪಟ್ಟು ಹೆಚ್ಚು ಕಾಲ ನಡೆಯುತ್ತದೆ. ಉಪಯೋಗಿಸದೆ ಇಟ್ಟರೆ ಹಲವು ವರ್ಷ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಎರಡೂ ಹೊಸದಾಗಿರುವಾಗ ಒಂದೂವರೆ ವೋಲ್ಟಿನವು.

ಚಾರ್ಜಿನ ಸೆಲ್ಲುಗಳಲ್ಲಿ ಮೂರು ವಿಧ. ಅಗ್ಗದ ಚಾರ್ಜಿನ ಟಾರ್ಚುಗಳಲ್ಲಿ ಅನೇಕವು ಸೀಸದ 4 ವೋಲ್ಟಿನ ಚಿಕ್ಕ ಬ್ಯಾಟರಿಯುಳ್ಳವು. ಇದನ್ನು ಬರಿದಾದ ಸ್ಥಿತಿಯಲ್ಲಿ ಕೆಲವು ವಾರ ಬಿಟ್ಟರೆ ಒಳಗಿನ ತಗಡುಗಳು ಕೆಟ್ಟು, ಮತ್ತೆ ಚಾರ್ಜು ಹಿಡಿಯದಂತಾಗುತ್ತದೆ. ಎರಡನೆಯದು ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲು. ಇದು 1.2 ವೋಲ್ಟಿನದು, ಆಕಾರದಲ್ಲಿ ಸಾಧಾರಣ ಸೆಲ್ಲಿನಂತೆಯೇ ಇರುವುದರಿಂದ ಬಹುಪಾಲು ಟಾರ್ಚುಗಳಿಗೆ ಅದರ ಸ್ಥಳದಲ್ಲಿಯೇ ಕೂರುತ್ತದೆ. ಮೂರನೆಯದು ಲಿಥಿಯಂ ಅಯಾನ್ ಸೆಲ್ಲು. ಇದು ಸುಮಾರು 3.7 ವೋಲ್ಟಿನದು, 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯೇ ಇಂದು ಮೊಬೈಲುಗಳಲ್ಲಿಯೂ ಇದೆ. ಹಗುರವಾಗಿದ್ದು ಹೆಚ್ಚು ಶಕ್ತಿಯನ್ನು ಹಿಡಿಯುತ್ತದೆ. ಆದರೆ ಅಜಾಗ್ರತೆಯಿಂದ ಬಳಸಿದರೆ ಬೆಂಕಿ ಹೊತ್ತಿಕೊಳ್ಳುವ ಸಂಭವವುಂಟು.

ಖರ್ಚಿನ ಲೆಕ್ಕ

ಇವೆರಡು ವರ್ಗಗಳಲ್ಲಿ ಯಾವುದು ಲಾಭಕರವೆಂಬುದು ಸೆಲ್ಲಿನ ಬೆಲೆಯಿಂದ ತಿಳಿಯುವುದಿಲ್ಲ. ಟಾರ್ಚು ಎಷ್ಟು ಹೊತ್ತು ಉರಿಯುತ್ತದೆಂಬುದರಿಂದ ತಿಳಿಯುತ್ತದೆ. ಉದಾಹರಣೆಗೆ, ಎರಡು ಆಲ್ಕಲೈನ್ ಸೆಲ್ಲುಗಳಿಂದ ಎಂಟು ಗಂಟೆ ಉರಿಯುವ ಟಾರ್ಚೊಂದನ್ನು ದಿನಕ್ಕೆ ಒಂದು ಗಂಟೆಯಂತೆ ಉಪಯೋಗಿಸುವುದಾದರೆ ಎಂಟು ದಿನಕ್ಕೊಂದು ಜೊತೆಯಂತೆ ವರ್ಷಕ್ಕೆ ಸುಮಾರು 45 ಜೊತೆ, ಅಂದರೆ 90 ಸೆಲ್ಲುಗಳು ಬೇಕಾಗುತ್ತವೆ. ಸೆಲ್ಲೊಂದಕ್ಕೆ 20 ರೂಪಾಯಿಯೆಂದು ಲೆಕ್ಕಕ್ಕಾಗಿ ಹಿಡಿದರೆ ವರ್ಷದ ಖರ್ಚು 1,800 ರೂಪಾಯಿ. ನಾಲ್ಕು ಚಾರ್ಜಿನ ಸೆಲ್ಲುಗಳಿಗೂ ಚಾರ್ಜರಿಗೂ ಸೇರಿ 1,500 ರೂಪಾಯಿ ತಗಲಿತೆಂದಿಟ್ಟುಕೊಂಡರೂ ಆ ಹಣವು ಹತ್ತು ತಿಂಗಳಲ್ಲಿ ಹಿಂದಕ್ಕೆ ಬರುತ್ತದೆ. ಒಳ್ಳೆಯ ಚಾರ್ಜಿನ ಸೆಲ್ಲು ನೂರಾರು ಸಲ ಚಾರ್ಜು ಹಿಡಿಯತಕ್ಕದ್ದಾದುದರಿಂದ ಮುಂದಿನ ವರ್ಷಗಳು ಬಹುಮಟ್ಟಿಗೆ ಉಳಿತಾಯವೇ ಸರಿ.

ಅದೇ ಟಾರ್ಚು ತಿಂಗಳಿಗೆ ಒಂದೇ ಗಂಟೆ ಉರಿಯುವುದಾದರೆ ವರ್ಷಕ್ಕೆ ಬೇಕಾಗುವುದು ಹೆಚ್ಚೆಂದರೆ ಎರಡು ಜೊತೆ ಸೆಲ್ಲು, ಅಂದರೆ 80 ರೂಪಾಯಿ. ಚಾರ್ಜಿನ ಸೆಲ್ಲಿಗೆ ಹಾಕಿದ 1,500 ರೂಪಾಯಿ ತೀರಬೇಕಾದರೆ ಹದಿನೆಂಟು ವರ್ಷಕ್ಕೂ ಮೇಲಾಗುತ್ತದೆ. ಅಷ್ಟು ಕಾಲ ಆ ಸೆಲ್ಲುಗಳೇ ಬಾಳುವುದಿಲ್ಲ. ಬೆಲೆಗಳು ಊರಿಂದೂರಿಗೆ ವ್ಯತ್ಯಾಸವಾಗುವುದರಿಂದ ಓದುಗರು ತಮ್ಮ ಸಂತೆಯ ಬೆಲೆಯನ್ನು ಹಾಕಿ ಇದೇ ರೀತಿ ಲೆಕ್ಕ ಮಾಡಿ ನೋಡಬಹುದು.

ಸುಮ್ಮನೆ ಇಟ್ಟ ಸೆಲ್ಲಿನ ಸ್ಥಿತಿ

ಖರ್ಚಿಗಿಂತಲೂ ಮುಖ್ಯವಾದ ವಿಚಾರ ಇನ್ನೊಂದಿದೆ. ಚಾರ್ಜಿನ ಸೆಲ್ಲು ಉಪಯೋಗಿಸದಿದ್ದರೂ ತನ್ನಷ್ಟಕ್ಕೆ ತಾನೇ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸಾಧಾರಣವಾದ ನಿಕ್ಕಲ್ ಸೆಲ್ಲಿನಲ್ಲಿ ಈ ನಷ್ಟವು ಬಹು ಶೀಘ್ರ; ಬೇಸಗೆಯ ಕಾವಿನಲ್ಲಿ ಇನ್ನೂ ಹೆಚ್ಚು. 2005ರ ಈಚೆಗೆ ನಿಧಾನವಾಗಿ ಇಳಿಯುವ ನಿಕ್ಕಲ್ ಸೆಲ್ಲುಗಳು ಬಂದಿವೆ. ಕೊಳ್ಳುವಾಗ ಇವನ್ನೇ ಕೇಳಿ ಕೊಳ್ಳತಕ್ಕದ್ದು. ಆರು ತಿಂಗಳು ಗೂಡಿನಲ್ಲಿಟ್ಟ ಚಾರ್ಜಿನ ಟಾರ್ಚನ್ನು ಬಿರುಗಾಳಿಯ ರಾತ್ರಿ ತೆಗೆದು ಒತ್ತಿದಾಗ ಅದು ಉರಿಯದೆ ಹೋಗುವುದಕ್ಕೆ ಇದೇ ಕಾರಣ. ಮೇಲಾಗಿ ಅಂತಹ ರಾತ್ರಿಯಲ್ಲಿಯೇ ಚಾರ್ಜು ಮಾಡಲು ಊರಿನಲ್ಲಿ ವಿದ್ಯುತ್ತು ಇರುವುದಿಲ್ಲ.

ತೀರುವ ರೀತಿಯಲ್ಲಿಯೂ ಭೇದವಿದೆ. ಬಿಸುಡುವ ಸೆಲ್ಲಿನ ಸಾದಾ ಟಾರ್ಚು ಕ್ರಮಕ್ರಮವಾಗಿ ಮಂಕಾಗಿ ಮುನ್ಸೂಚನೆ ಕೊಡುತ್ತದೆ. ಲಿಥಿಯಂ ಸೆಲ್ಲಿನ ಟಾರ್ಚುಗಳಲ್ಲಿ ಹಲವು ಕೊನೆಯ ವರೆಗೂ ಒಂದೇ ಸಮನಾಗಿ ಉರಿದು ಥಟ್ಟನೆ ಆರಿಹೋಗುತ್ತವೆ. ಆದುದರಿಂದ ಉಳಿದ ಚಾರ್ಜನ್ನು ತೋರಿಸುವ ಸೂಚನಾ ದೀಪವಿರುವ ಟಾರ್ಚು ಮೇಲು.

ನಿರ್ಣಯ

ಮೇಲ್ಕಂಡ ಕಾರಣಗಳಿಂದ ಸಿದ್ಧವಾಗುವ ಸೂತ್ರವು ಸುಲಭವಾಗಿದೆ: ದಿನವೂ ಉರಿಯುವ ಟಾರ್ಚಿಗೆ ಚಾರ್ಜಿನ ಸೆಲ್ಲು, ಅಪರೂಪವಾಗಿ ಉರಿಯುವ ಟಾರ್ಚಿಗೆ ಬಿಸುಡುವ ಆಲ್ಕಲೈನ್ ಸೆಲ್ಲು. ರಾತ್ರಿಯ ಕೆಲಸವಿರುವ ಪ್ರತಿಯೊಂದು ಮನೆಯಲ್ಲಿಯೂ ಎರಡೂ ಇರತಕ್ಕದ್ದು. ನೀರು ಕಟ್ಟಲು ಹೋಗುವವನು ಚಾರ್ಜಿನ ಟಾರ್ಚನ್ನು ಕೈಯಲ್ಲಿಯೂ, ಆಲ್ಕಲೈನ್ ಸೆಲ್ಲಿನ ಚಿಕ್ಕ ಟಾರ್ಚನ್ನು ಜೇಬಿನಲ್ಲಿಯೂ ಇಟ್ಟುಕೊಂಡು ಹೋಗಲಿ. ಮೊಬೈಲಿನ ದೀಪವನ್ನು ಮಾತ್ರ ನಂಬಿ ಹೋಗುವುದು ಅವಿವೇಕ. ಅಪಾಯ ಒದಗಿದಾಗ ಮನೆಯವರನ್ನಾಗಲಿ 108ರ ಆಂಬುಲೆನ್ಸನ್ನಾಗಲಿ ಕರೆಯಲು ಬೇಕಾದ ಚಾರ್ಜು ಆ ದೀಪದಲ್ಲಿಯೇ ತೀರಿಹೋಗಿರುತ್ತದೆ.

ಕೊಳ್ಳುವಾಗ ಗಮನಿಸತಕ್ಕ ಅಂಶಗಳು

1. ಸೆಲ್ಲನ್ನು ಹೊರಕ್ಕೆ ತೆಗೆಯಲು ಬರುವ ಟಾರ್ಚನ್ನೇ ಆರಿಸಿರಿ. ಒಳಗೆ ಭದ್ರಪಡಿಸಿದ ಬ್ಯಾಟರಿಯು ಕೆಟ್ಟರೆ ಟಾರ್ಚೆಲ್ಲವೂ ವ್ಯರ್ಥವಾಗುವುದು.

2. ನಿಕ್ಕಲ್ ಸೆಲ್ಲನ್ನೂ ಆಲ್ಕಲೈನ್ ಸೆಲ್ಲನ್ನೂ ಎರಡನ್ನೂ ಒಪ್ಪುವ ಟಾರ್ಚು ಹಳ್ಳಿಗೆ ಬಹಳ ಅನುಕೂಲ. ಚಾರ್ಜು ಇಲ್ಲದ ದಿನ ಊರಿನ ಅಂಗಡಿಯ ಸೆಲ್ಲನ್ನು ಹಾಕಿಕೊಳ್ಳಬಹುದು.

3. ಹಾವಿನ ಭಯಕ್ಕೆ ಬೇಕಾದುದು ಕಾಲಿನ ಮುಂದೆ ಅಗಲವಾಗಿ ಹರಡುವ ಬೆಳಕು. ದೂರಕ್ಕೆ ಹೋಗುವ ಕಿರಿದಾದ ಬೆಳಕು ಕಾವಲಿಗೆ ಸರಿ. ಸನಿಕೆ ಹಿಡಿದು ಕೆಲಸ ಮಾಡುವವನಿಗೆ ತಲೆಗೆ ಕಟ್ಟುವ ದೀಪವು ಎರಡು ಕೈಗಳನ್ನೂ ಬಿಡುವಾಗಿಸುತ್ತದೆ.

4. ಟಾರ್ಚಿನ ಮೇಲೆ ‘ಐ.ಪಿ.ಎಕ್ಸ್. 4’ ಎಂದಿದ್ದರೆ ನೀರಿನ ಎರಚಲನ್ನು ತಡೆಯುತ್ತದೆಂದು ಅರ್ಥ, ‘ಐ.ಪಿ.ಎಕ್ಸ್. 7’ ಎಂದಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆಂದು ಅರ್ಥ. ಕಾಲುವೆಯ ಕೆಲಸಕ್ಕೆ ಎರಡನೆಯದು ಉತ್ತಮ.

5. ಲಿಥಿಯಂ ಸೆಲ್ಲಿನ ಮೇಲೆ ಅಚ್ಚಾದ ಸಂಖ್ಯೆಗೆ ಮರುಳಾಗಬಾರದು. 18650 ಎಂಬ ಅಳತೆಯ ಸೆಲ್ಲು 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದವಾಗಿರುತ್ತದೆ. ಇದರಲ್ಲಿ ಒಳ್ಳೆಯ ಸೆಲ್ಲು ಸುಮಾರು 3,500 ಮಿಲಿಆಂಪಿಯರು ಗಂಟೆಯಷ್ಟು ಶಕ್ತಿಯನ್ನು ಹಿಡಿಯಬಲ್ಲುದು. ಇದೇ ಅಳತೆಯ ಸೆಲ್ಲಿನ ಮೇಲೆ 9,900 ಎಂದು ಬರೆದಿದ್ದರೆ ಅದು ಸುಳ್ಳು, ಅಂತಹುದನ್ನು ಮುಟ್ಟಬಾರದು.

ಪಾಲನೆಯ ಕ್ರಮ

ಹೊಸ ಸೆಲ್ಲಿನೊಂದಿಗೆ ಹಳೆಯದನ್ನಾಗಲಿ, ಒಂದು ಬಗೆಯೊಂದಿಗೆ ಮತ್ತೊಂದು ಬಗೆಯನ್ನಾಗಲಿ ಬೆರಸಬಾರದು. ಬಿಸುಡುವ ಸೆಲ್ಲನ್ನು ಎಂದಿಗೂ ಚಾರ್ಜರಿನಲ್ಲಿ ಇಡಬಾರದು. ಅಪರೂಪದ ಟಾರ್ಚಿನ ಸೆಲ್ಲುಗಳನ್ನು ಹೊರಗೆ ತೆಗೆದು ಅದರೊಡನೆಯೇ ಒಂದು ಚೀಲದಲ್ಲಿ ಕಟ್ಟಿಟ್ಟು, ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನವೆಂದು ಗೊತ್ತುಮಾಡಿಕೊಂಡು, ಹಾಕಿ ಉರಿಸಿ ನೋಡತಕ್ಕದ್ದು. ಆಲ್ಕಲೈನ್ ಸೆಲ್ಲು ಸೋರಿ ಬಿಳಿಯ ಪುಡಿ ಕಟ್ಟಿದ್ದರೆ ಬರಿಗೈಯಿಂದ ಮುಟ್ಟದೆ, ನಿಂಬೆಯ ರಸದಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ಒಣಗಿಸಬೇಕು.

ಲಿಥಿಯಂ ಸೆಲ್ಲನ್ನು ಅದಕ್ಕೆ ತಕ್ಕ ಚಾರ್ಜರಿನಲ್ಲಿಯೇ, ಜನರು ಎಚ್ಚರವಾಗಿರುವ ವೇಳೆಯಲ್ಲಿ, ಹುಲ್ಲು ಹಾಸಿಗೆಗಳಿಂದ ದೂರವಾದ ಸ್ಥಳದಲ್ಲಿ ಚಾರ್ಜು ಮಾಡತಕ್ಕದ್ದು. ಬಿಸಿಲಿನಲ್ಲಿ ಕಾದ ಪಂಪುಮನೆಯಲ್ಲಿ ಚಾರ್ಜು ಮಾಡಬಾರದು. ಉಬ್ಬಿದ, ಜಜ್ಜಿದ, ಹೊದಿಕೆ ಹರಿದ ಸೆಲ್ಲನ್ನು ಆ ದಿನವೇ ಉಪಯೋಗದಿಂದ ತೆಗೆಯಬೇಕು. ತೀರಿದ ಯಾವ ಸೆಲ್ಲನ್ನೂ ತಿಪ್ಪೆಗೆ ಎಸೆಯಕೂಡದು. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ತೀರಿದ ಸೆಲ್ಲುಗಳ ಸಂಗ್ರಹಣೆಯ ಹೊಣೆಯು ತಯಾರಕರ ಮೇಲಿದೆ. ಗ್ರಾಮದ ಮುಖ್ಯಸ್ಥರು ಊರಿನಲ್ಲಿ ಒಂದು ಡಬ್ಬಿಯನ್ನಿಡಿಸಿ, ಕೂಡಿದ ಸೆಲ್ಲುಗಳನ್ನು ಪಟ್ಟಣದ ಸಂಗ್ರಹಣಾ ಸ್ಥಳಕ್ಕೆ ಕಳುಹಿಸುವುದು ಉಚಿತ.

ಜಮೀನುದಾರರಿಗೆ ಒಂದು ಮಾತು

ರಾತ್ರಿ ನೀರು ಕಟ್ಟುವವನು ಅನೇಕ ಕಡೆಗಳಲ್ಲಿ ಜಮೀನಿನ ಯಜಮಾನನಲ್ಲ; ಕೂಲಿಯ ಆಳು. ಯಜಮಾನರ ಮನೆಯಲ್ಲಿ ಒಳ್ಳೆಯ ಟಾರ್ಚು ಗೋಡೆಗೆ ತೂಗುಹಾಕಿದ್ದು, ಆಳಿನ ಕೈಯಲ್ಲಿ ಮಂಕಾದುದು ಇರುವುದನ್ನು ಕಾಣುತ್ತೇವೆ. ಇದು ತಿರುವುಮುರುವಾಗಬೇಕು. ಕತ್ತಲೆಯಲ್ಲಿ ಬದುವನ್ನು ತುಳಿಯುವವನ ಕೈಗೆ ಮನೆಯ ಅತ್ಯುತ್ತಮವಾದ ಟಾರ್ಚೂ, ಕಾಲಿಗೆ ಮೊಣಕಾಲುದ್ದದ ರಬ್ಬರು ಬೂಟೂ, ನೆಲವನ್ನು ತಟ್ಟಲು ಒಂದು ಕೋಲೂ ಸಲ್ಲತಕ್ಕವು. ಎಷ್ಟು ಎಚ್ಚರವಿದ್ದರೂ ಕಡಿತ ಸಂಭವಿಸಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಡಿಸಿಕೊಂಡವನನ್ನು ನಡೆಯಿಸದೆ, ವಿಷನಿವಾರಕ ಔಷಧವಿರುವ ಆಸ್ಪತ್ರೆಗೆ ಒಡನೆಯೇ ಸಾಗಿಸತಕ್ಕದ್ದು. ಒಂದು ಜೊತೆ ಸೆಲ್ಲಿನ ಬೆಲೆಯನ್ನು ಉಳಿಸಲು ಹೋಗಿ ಒಂದು ಸಂಸಾರದ ಆಧಾರವನ್ನು ಕಳೆಯುವ ಸ್ಥಿತಿಯು ಯಾವ ಊರಿಗೂ ಬಾರದಿರಲೆಂದು, ಮುಖ್ಯಸ್ಥರೂ ಜಮೀನುದಾರರೂ ಮುಂಗಾರಿಗೆ ಮೊದಲೇ ತಂತಮ್ಮ ಮನೆಗಳ ಟಾರ್ಚುಗಳನ್ನು ಪರೀಕ್ಷಿಸಿ ಸಿದ್ಧಪಡಿಸಿಕೊಳ್ಳಬೇಕೆಂದು ವಿಜ್ಞಾಪಿಸಲಾಗಿದೆ.